ಬೀಗರ ಮನೆಯ ಚಹಾ

ಸರ್ಕಾರಿ ಪ್ರಯೋಗಾಲಯಗಳು ಕಂಡುಹಿಡಿದದ್ದನ್ನು ಕಾರ್ಖಾನೆಗಳಿಗೆ ದಾಟಿಸುವುದು ಕಲಬುರಗಿಯ ಪ್ರಹ್ಲಾದರಾಯರ ನೌಕರಿಯಾಗಿತ್ತು. ಅವರ ಪ್ರಕಾರ ಅದು ಕನ್ಯೆ ಕೊಡುವ ಕೆಲಸ. ನೆಹರು ಗಂಜಿನ ದಾಲ್ ಮಿಲ್‌ಗಳಲ್ಲಿ ಕೂತು ಹೊಸ ಯಂತ್ರವನ್ನು ಹೊಗಳುತ್ತ, "ಹುಡುಗಿ ಭಾಳ ಗುಣವಂತಿ ಇದ್ದಾಳ್ರಿ, ಕರೆಂಟ್ ಸುದ್ದಾ ಕಮ್ಮಿ ಉಣ್ತಾಳ" ಎನ್ನುತ್ತಿದ್ದರು. ಒಲ್ಲೆನೆಂದ ಸಾಹುಕಾರರು ತರಿಸಿದ ಚಹಾವನ್ನು ರಾಯರು ಬಸಿಗೆ ಸುರಿದುಕೊಂಡು ಸೊರ್ರನೆ ಕುಡಿಯುತ್ತಿದ್ದರು. ಒಪ್ಪಿಕೊಂಡವರಲ್ಲಿ ಮಾತ್ರ ಹನಿ ನೀರೂ ಮುಟ್ಟುತ್ತಿರಲಿಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣನ್ನು ಪುಡಿ ಮಾಡುವ ಯಂತ್ರ ಹಾಕಿಸಿಕೊಂಡ ಕಾಶಿರಾಯನ ಹೆಂಡತಿ ರೇವಮ್ಮ ಒಮ್ಮೆ ನೊಂದು ಕೇಳಿಯೇಬಿಟ್ಟಳು: "ಸಾಹೇಬ್ರ, ನಮ್ಮ ಕೈಲೆ ಕುಡಿಯಂಗಿಲ್ಲೇನ್ರಿ?" ರಾಯರು ಗಾಬರಿಯಾದರು. "ಹಂಗಲ್ಲ ತಂಗಿ, ಇದು ಮಗಳ ಮನಿ. ಮೊಮ್ಮಗನ ಮಾರಿ ನೋಡೂತನಕ ಏನೂ ಮುಟ್ಟಬಾರದು ಅಂತ ನಮ್ಮಲ್ಲಿ ಪದ್ಧತಿ ಅದ." ಆದರೆ ಪುಡಿ ಪ್ರತಿಸಲವೂ ಗಂಟುಗಟ್ಟಿತು. ಯಂತ್ರ ವಾಪಸ್ ಒಯ್ಯಿರೆಂದು ಕಾಶಿರಾಯ ಸಿಡುಕಿದ, ಕಚೇರಿಯವರು ಕೈಬಿಟ್ಟರು. ರಾಯರು ಮಾತ್ರ ನಿವೃತ್ತರಾದ ಮೇಲೂ ವಾರವಾರ ಸ್ವಂತ ಖರ್ಚಿನಲ್ಲಿ ಬಸ್ಸು ಹಿಡಿದು ಬಂದು, ಕಾದ ಯಂತ್ರದ ಮುಂದೆ ಬಾಯಾರಿ ಕೂತು ಅದನ್ನು ತಿದ್ದಿದರು. ಕೊನೆಗೊಂದು ಸಂತೆಯ ದಿನ, ಮಾರಾಟಕ್ಕೆ ಹೊರಟ ಮೊದಲ ಪೊಟ್ಟಣವನ್ನು ರೇವಮ್ಮ ಎರಡೂ ಕೈಯಲ್ಲಿ ಹಿಡಿದು ತಂದು ಅವರ ತೊಡೆಯ ಮೇಲಿಟ್ಟಳು. ರಾಯರು ಅದನ್ನು ಬಹಳ ಹೊತ್ತು ನೋಡಿದರು. "ಚಹಾ ಇಡು ತಂಗಿ" ಎಂದರು, "ಸಕ್ಕರಿ ಜರಾ ಜಾಸ್ತೀನ ಇರಲಿ."