ಓದಿ ಹೇಳದ ಮೆಸೇಜು

ಗಬ್ಬೂರಿನ ಬೈಪಾಸ್ ಬದಿಯ ಗಾರ್ಮೆಂಟ್ಸಿನಲ್ಲಿ ಶಾಲಾ ಮಕ್ಕಳ ಅಂಗಿಗೆ ಕಾಲರ್ ಕೂರಿಸುವುದರಲ್ಲಿ ದ್ರಾಕ್ಷಾಯಿಣಿಯನ್ನು ಸರಿಗಟ್ಟುವವರಿರಲಿಲ್ಲ. ಅದೇ ಸಾಲಿನ ತುದಿಯಲ್ಲಿ ಕೂತು, ಹೊಲಿದು ಬಂದ ಅಂಗಿಗಳ ಉಳಿದ ದಾರ ಕತ್ತರಿಸುತ್ತಿದ್ದವಳು ದುರಗವ್ವ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ದುರಗವ್ವ ಐವತ್ತು ದಾಟಿದವಳು, ಗಂಡನಿಲ್ಲ, ಓದು ಬಾರದು. ಅವಳನ್ನು ಆ ಕೆಲಸಕ್ಕೆ ಸೇರಿಸಿದ್ದು ದ್ರಾಕ್ಷಾಯಿಣಿಯೇ. ದುರಗವ್ವನ ಫೋನಿಗೆ ಏನೇ ಬಂದರೂ ಓದಿ ಹೇಳುತ್ತಿದ್ದುದೂ ಅವಳೇ.

ಕೊರೋನಾದ ವರ್ಷ ಶಾಲೆಗಳು ಮುಚ್ಚಿದವು. ಶಾಲೆಯೇ ಇಲ್ಲದ ಮೇಲೆ ಸಮವಸ್ತ್ರ ಯಾರಿಗೆ ಬೇಕು? ಗಾರ್ಮೆಂಟ್ಸಿಗೂ ಬೀಗ ಬಿತ್ತು. ಸೆಪ್ಟೆಂಬರಿನಲ್ಲಿ ಅಲ್ಲಿಯ ಗುಮಾಸ್ತ ಶಶಿಕುಮಾರ ಫೋನು ಮಾಡಿ, ಇಎಸ್‌ಐ ವಿಮೆ ಇದ್ದವರಿಗೆ ಕೆಲಸ ಹೋದದ್ದಕ್ಕೆ ಮೂರು ತಿಂಗಳು ಅರ್ಧ ಪಗಾರ ಸಿಗುತ್ತದೆ, ಅರ್ಜಿ ಹಾಕಿ ಎಂದ. ಇಬ್ಬರೂ ಕಾಗದಪತ್ರ ಹಿಡಿದು ಹುಬ್ಬಳ್ಳಿಯ ಕಚೇರಿಗೆ ಹೋದರು.

ಕಿಟಕಿಯಾಚೆ ಕೂತವನು ದುರಗವ್ವನ ಅರ್ಜಿಗೆ ಸಿಕ್ಕಾ ಹೊಡೆದ. ದ್ರಾಕ್ಷಾಯಿಣಿಯ ನಂಬರು ಹಾಕಿ ನೋಡಿ ತಡೆದ.

"ನಡುವ ಬಿಟ್ಟು ಹೋಗಿದ್ರೇನ್ರಿ?"

"ಒಂದು ವರ್ಷ ಬ್ಯಾರೆ ಕಡೆ ಹೊಲಿಯಾಕ ಹೋಗಿದ್ದೆರಿ. ಪಗಾರ ಜಾಸ್ತಿ ಇತ್ತು."

"ಅಲ್ಲಿ ವಿಮಾ ಕಟ್ಟಿಲ್ಲ ನೋಡ್ರಿ. ಕಟ್ಟಿದ ದಿನಾ ಕಡಿಮಿ ಬೀಳ್ತಾವ. ನಿಮಗ ಬರಂಗಿಲ್ರಿ."

ಬಸ್ಸಿನಲ್ಲಿ ದುರಗವ್ವ ಅವಳ ಮೊಣಕಾಲ ಮೇಲೆ ಕೈಯಿಟ್ಟು, "ಚಿಂತಿ ಮಾಡಬ್ಯಾಡ ತಂಗಿ, ಏನರ ದಾರಿ ಆಕ್ಕೈತಿ" ಎಂದಳು. ಆ ಸಮಾಧಾನವೇ ದ್ರಾಕ್ಷಾಯಿಣಿಗೆ ಚುಚ್ಚಿತು. ಕೈಯಲ್ಲಿ ಕಸುಬಿದ್ದುದಕ್ಕೇ ತನ್ನನ್ನು ಬೇರೆಯವರು ಕರೆದಿದ್ದರು. ಯಾರೂ ಕರೆಯದ ದುರಗವ್ವ ಕೂತಲ್ಲೇ ಕೂತಿದ್ದಳು. ಈಗ ಕೂತವಳಿಗೇ ಹಣ.

"ದಾರಾ ಕತ್ತರಿಸಾಕಿಗೆ ಮನ್ಯಾಗ ಕುಂತು ಪಗಾರ ಅಂತ" ಎಂದು ಗಂಡ ಕಲ್ಲೇಶನ ಎದುರು ಹೇಳಿಕೊಂಡಳು.

"ಆಕಿದು ಆಕಿಗೆ. ನಿಂದೇನು ಕಸಗೊಂಡಾಳೇನು?" ಎಂದ ಅವನು. ಅವನೊಂದಿಗೆ ಮಾತು ಬಿಟ್ಟಳು. ಗೋಡೆಯಾಚೆ ಒಗ್ಗರಣೆ ಚಟಗುಟ್ಟಿದರೆ ಸಾಕು, ಹಣ ಬಂತೇನೋ ಎಂದು ಕಿವಿಗೊಡುತ್ತಿದ್ದಳು.

ಎಂಟು ದಿನಕ್ಕೆ ದುರಗವ್ವ ಫೋನು ಹಿಡಿದು ಬಂದಳು. "ಏನೋ ಬಂದೈತಿ, ನೋಡವಾ."

ಪಾಸ್‌ಬುಕ್ಕಿನ ಝರಾಕ್ಸ್ ಸ್ಪಷ್ಟವಿಲ್ಲ, ಬೇರೆ ಪ್ರತಿ ಕೊಡದಿದ್ದರೆ ಅರ್ಜಿ ಮುಂದೆ ಹೋಗದು ಎಂದು ಬರೆದಿತ್ತು. ದ್ರಾಕ್ಷಾಯಿಣಿ ಎರಡು ಸಲ ಓದಿದಳು.

"ಫೋನ್ ಕಂಪನಿದು ಅಕ್ಕಾ. ರೀಚಾರ್ಜ್ ಮಾಡಸ್ರಿ ಅಂತ."

ಅಂದು ಅವಳಿಗೆ ಊಟ ರುಚಿಸಿತು. ಮರುದಿನ ಅಷ್ಟು ರುಚಿಸಲಿಲ್ಲ. ನಳದ ಹತ್ತಿರ ದುರಗವ್ವ ಹೆಂಗಸರಿಗೆ, "ನಮ್ಮ ದಾಕ್ಷಾಣಿ ನೋಡ್ಕೋತಾಳ, ನನಗೇನು ಚಿಂತಿಲ್ಲ" ಎನ್ನುವುದು ಕಿವಿಗೆ ಬಿದ್ದಾಗ ಸಿಟ್ಟೇ ಬಂತು. ಇಷ್ಟು ನಂಬು ಎಂದು ಇವಳಿಗೆ ಯಾರು ಹೇಳಿದ್ದರು?

ಅದಾದ ಹತ್ತನೆಯ ದಿನ, ಹಣ ಇನ್ನೂ ಏಕೆ ಬರಲಿಲ್ಲವೆಂದು ಕೇಳಲು ದುರಗವ್ವ ಒಬ್ಬಳೇ ಕಚೇರಿಗೆ ಹೋದಳು. ಮಧ್ಯಾಹ್ನ ಮಳೆಯಲ್ಲಿ ತೊಯ್ದು ಬಂದು ಇವರ ಕಟ್ಟೆಯ ಮೇಲೆ ಕೂತಳು.

"ಪಾಳಿ ಬರೂದ್ರಾಗ ಕಿಡಕಿ ಮುಚ್ಚಿದ್ರು. ನಾಳೆ ಮತ್ತ ಹೊಕ್ಕೇನಿ. ದೊಡ್ಡ ಸಾಹೇಬ್ರು ಇರ್ತಾರಂತ, ನಿಂದೂ ಒಂದು ಮಾತು ಕೇಳಿ ಬರ್ತೇನಿ."

ದ್ರಾಕ್ಷಾಯಿಣಿ ಒರೆಸಲೆಂದು ತಂದ ಟವೆಲ್ಲನ್ನು ಕೊಡದೆ ಹಾಗೇ ನಿಂತಳು.

"ನಿನಗ ಮೆಸೇಜ ಬಂದಿತ್ತಕ್ಕಾ. ಆವತ್ತ. ಝರಾಕ್ಸ್ ಕಾಣವಲ್ದು, ಬ್ಯಾರೆ ಕೊಡ್ರಿ ಅಂತಿತ್ತು. ನಾ ಸುಳ್ಳ ಹೇಳಿದೆ."

"ಯಾಕವಾ?"

"ಹೊಟ್ಟಿ ಉರೀತು."

ದುರಗವ್ವ ಸೀರೆಯ ತೊಯ್ದ ಅಂಚು ಹಿಂಡಿದಳು. "ನನಗ ಓದಿ ಹೇಳಾಕ ನೀ ಒಬ್ಬಾಕಿನ ಇದ್ದಿ" ಎಂದು ಎದ್ದು ತನ್ನ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ದ್ರಾಕ್ಷಾಯಿಣಿ ದುರಗವ್ವನ ಪಾಸ್‌ಬುಕ್ ಇಸಿದುಕೊಂಡು ಹೊಸ ಝರಾಕ್ಸ್ ತೆಗೆಸಿ, ಕಚೇರಿ ತೆರೆಯುವ ಮೊದಲೇ ಪಾಳಿಯಲ್ಲಿ ನಿಂತಳು. ದುರಗವ್ವನೂ ಬಂದಳು, ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು, ಮಾತಾಡಲಿಲ್ಲ. ಅರ್ಜಿ ಮುಂದೆ ಹೋಯಿತು.

ಹಣ ಬಂದ ಸುದ್ದಿ ದ್ರಾಕ್ಷಾಯಿಣಿಗೆ ತಿಳಿದದ್ದು ಓಣಿಯ ಬಳೆ ಅಂಗಡಿಯ ಕಾಸಿಮಸಾಬನಿಂದ. "ನಿಮ್ಮ ದುರಗವ್ವಗ ರೊಕ್ಕ ಜಮಾ ಆತ್ರಿ. ನಾನ ಓದಿ ಹೇಳಿದೆ" ಎಂದ ಅವನು ಸಂತೋಷದಿಂದ. ಕಚೇರಿಯ ಕಿಟಕಿಯಲ್ಲಿ ಇಲ್ಲ ಎನಿಸಿಕೊಂಡಾಗಲೂ ಅವಳಿಗೆ ಇಷ್ಟು ಸಂಕಟವಾಗಿರಲಿಲ್ಲ.

ಶಾಲೆಗಳು ತೆರೆದವು, ಮಷೀನುಗಳೂ ಶುರುವಾದವು. ದುರಗವ್ವ ಈಗ ಮಾತಾಡುತ್ತಾಳೆ, ಮಧ್ಯಾಹ್ನ ದ್ರಾಕ್ಷಾಯಿಣಿಯ ರೊಟ್ಟಿಗೆ ಚಟ್ನಿಪುಡಿಯನ್ನೂ ಹಾಕುತ್ತಾಳೆ. ಫೋನು ಸದ್ದು ಮಾಡಿದರೆ ಮಾತ್ರ ತೆಗೆದು ನೋಡದೆ ಸೊಂಟದ ಚೀಲಕ್ಕೆ ಸೇರಿಸುತ್ತಾಳೆ. ಸಂಜೆ ಕಾಸಿಮಸಾಬ ಕನ್ನಡಕ ಏರಿಸಿ ಅವಳಿಗೆ ಒಂದೊಂದೇ ಅಕ್ಷರ ಓದಿ ಹೇಳುತ್ತಿರುತ್ತಾನೆ. ತನಗಾದರೆ ಅದು ಒಂದು ಉಸಿರಿನ ಕೆಲಸ ಎಂದುಕೊಳ್ಳುತ್ತ ದ್ರಾಕ್ಷಾಯಿಣಿ ಅಂಗಡಿ ದಾಟಿ ಹೋಗುತ್ತಾಳೆ.