ಪೇಚಿಯಮ್ಮನ ಕೈ

ಹಾನುಬಾಳಿನಿಂದ ಮೂರು ಮೈಲಿ ಒಳಗಿರುವ ಸುಬ್ಬಯ್ಯನವರ ಎಸ್ಟೇಟಿನಲ್ಲಿ ಒಂದು ಕಾಫಿ ಸಾಲಿಗೆ ಸಿಲೋನ್ ಸಾಲು ಎಂದು ಹೆಸರು. ಆ ಹೆಸರು ಬರಲು ಕಾರಣ ಪೇಚಿಯಮ್ಮ. ಕೂಲಿಯವರ ಸಾಲುಮನೆಗಳಿರುವ ಲೈನಿನ ಕೊನೆಯ ಮನೆಯಲ್ಲಿ ಇರುವವರು. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದನ್ನು ಅವರೇ ಹೇಳಿದರು. ಉಳಿದದ್ದನ್ನು ಹೇಳಿದವರು ಎಸ್ಟೇಟಿನ ಆಳುಗಳನ್ನು ನೋಡಿಕೊಳ್ಳುವ ಗುಂಡಯ್ಯ ಮೇಸ್ತ್ರಿ. ಇಬ್ಬರ ಮಾತೂ ಒಂದೇ ಆಗದ ಕಡೆ ಹಾಗೆಂದೇ ಬರೆದಿದ್ದೇನೆ.

ಪೇಚಿಯಮ್ಮ ಹುಟ್ಟಿದ್ದು ಸಿಲೋನಿನ ಒಂದು ಟೀ ತೋಟದ ಲೈನಿನಲ್ಲಿ. ಮುತ್ತಜ್ಜಿಯ ಕಾಲದಲ್ಲೇ ತಮಿಳು ನಾಡಿನಿಂದ ಅಲ್ಲಿಗೆ ಹೋಗಿದ್ದ ಮನೆತನ. ಹನ್ನೆರಡು ವರ್ಷಕ್ಕೇ ಅವರ ಬೆನ್ನಿಗೆ ಬುಟ್ಟಿ ಬಂತು. ಬುಟ್ಟಿಯ ಹಗ್ಗವನ್ನು ಹಣೆಗೆ ಕೊಟ್ಟು, ಎರಡೂ ಕೈಯಲ್ಲಿ ಎರಡೆಲೆ ಒಂದು ಕುಡಿ ಚಿವುಟಿ, ಮುಷ್ಟಿ ತುಂಬಿದಾಗ ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಅಮ್ಮ ಪಕ್ಕದ ಸಾಲಿನಲ್ಲಿ ಇರುತ್ತಿದ್ದರು. "ಕಣ್ಣು ಬೆಟ್ಟ ನೋಡ್ಲಿ, ಗಿಡಾನ ಕೈ ನೋಡ್ಕಳ್ಳುತ್ತೆ" ಎಂದು ಅಮ್ಮ ಹೇಳಿಕೊಟ್ಟಿದ್ದರಂತೆ. ಅಮ್ಮ ಹೇಳಿದ್ದು ತಮಿಳಿನಲ್ಲಿ. ಪೇಚಿಯಮ್ಮ ಈಗ ಅದನ್ನು ನಮ್ಮ ಕನ್ನಡದಲ್ಲೇ ಹೇಳುತ್ತಾರೆ.

ಸಿಲೋನಿನ ಸರ್ಕಾರವೂ ಇಂಡಿಯಾದ ಸರ್ಕಾರವೂ ಕೂತು ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ ಎಂದು ತೀರ್ಮಾನ ಮಾಡಿಕೊಂಡ ಮೇಲೆ ತೋಟದ ಮನೆಗಳಿಗೆ ಇಂಡಿಯಾಕ್ಕೆ ಹೋಗುವ ಕಾಗದ ಬರತೊಡಗಿತು. ಅಪ್ಪ, ಅಣ್ಣ, ಪೇಚಿಯಮ್ಮ, ಈ ಮೂವರ ಕಾಗದ ಮೊದಲು ಬಂತು. ಅಮ್ಮನದೂ ಪುಟ್ಟ ತಂಗಿಯದೂ ಬರಲಿಲ್ಲ. "ಮುಂದಿನ ಹಡಗಿಗೆ ಬತ್ತೀವಿ, ನೀವು ಹೋಗಿ ಮನೆ ಹಿಡೀರಿ" ಎಂದು ಅಮ್ಮ ಕಳಿಸಿದರು. ಆಗ ಪೇಚಿಯಮ್ಮನಿಗೆ ಹದಿನಾರು ವರ್ಷ. ಮುಂದಿನ ಹಡಗಿಗೆ ಅಮ್ಮ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಆಮೇಲೆ ಅಲ್ಲಿ ಯುದ್ಧ ಶುರುವಾಗಿ ಹಡಗೇ ನಿಂತಿತು, ಅಮ್ಮನ ಕಾಗದಗಳೂ ನಿಂತವು.

ಹಡಗು ಇಳಿದವರ ಕ್ಯಾಂಪಿನಲ್ಲಿ ಒಂದಷ್ಟು ದಿನ ಇದ್ದು, ಕೂಲಿ ಕರೆದುಕೊಂಡು ಬರುವವನ ಹಿಂದೆ ಇಲ್ಲಿಗೆ ಬಂದರು. ಅದು 1977 ಎಂದು ಪೇಚಿಯಮ್ಮ ಹೇಳುತ್ತಾರೆ, ಗುಂಡಯ್ಯನವರು 1978 ಎನ್ನುತ್ತಾರೆ. ಮಳೆ ಕಡಿಮೆಯಾಗಿ ಚಿಗುರು ತೆಗೆಯುವ ಕೆಲಸ ನಡೆಯುತ್ತಿತ್ತು. ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರನ್ನು ಮಾತ್ರ ಮುರಿದು ಹಾಕಬೇಕು. ಅಡ್ಡಕ್ಕೆ ಹೋಗುವ, ರೆಕ್ಕೆ ಎನ್ನುವ ಕೊಂಬೆಯ ತುದಿಯನ್ನು ಮುಟ್ಟಬಾರದು, ಮುಂದಿನ ವರ್ಷದ ಹಣ್ಣು ಬರುವುದು ಅದರ ಮೇಲೆ. ಗುಂಡಯ್ಯನವರು ಕನ್ನಡದಲ್ಲಿ ಹೇಳಿದರು, ಕೈಯಲ್ಲಿ ತೋರಿಸಿದರು. ಕನ್ನಡ ಬಾರದ ಹುಡುಗಿ ತಲೆಯಾಡಿಸಿದಳು.

ಮಧ್ಯಾಹ್ನ ಅವರು ಆ ಸಾಲಿಗೆ ತಿರುಗಿ ಬಂದಾಗ ದಾರಿಯುದ್ದಕ್ಕೂ ಎಳೆಯ ಎಲೆ ಬಿದ್ದಿತ್ತು. ಹಾಗೇ ಎಲೆ ನೋಡಿಕೊಂಡು ನಡೆದರು. ಸಾಲಿನ ತುದಿಯಲ್ಲಿ ಹುಡುಗಿ ನಿಂತಿದ್ದಳು. ಎರಡೂ ಕೈ ರೆಕ್ಕೆಗಳ ತುದಿ ಚಿವುಟುತ್ತಿದ್ದವು, ಎರಡೆಲೆ ಒಂದು ಕುಡಿ. ಮುಷ್ಟಿ ತುಂಬಿದೊಡನೆ ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದಳು. ಬೆನ್ನಿನಲ್ಲಿ ಬುಟ್ಟಿ ಇರಲಿಲ್ಲ. ಕಣ್ಣು ಎದುರಿನ ಬೆಟ್ಟದ ಮೇಲಿತ್ತು.

"ಬೈಯಾಕೆ ಬಾಯಿ ತೆಗ್ದೆ" ಎಂದು ಗುಂಡಯ್ಯನವರು ಹೇಳಿದರು. "ಅವಳು ಬೆನ್ನು ಮುಟ್ಟಿ ನೋಡ್ಕಂಡ್ಲು. ಬುಟ್ಟಿ ಇಲ್ಲ. ಆಮೇಲೆ ದಾರಿ ನೋಡುದ್ಲು. ಬೈಯಾಕೆ ಆಗ್ಲಿಲ್ಲ ಕಣಪ್ಪ."

ಮರುವರ್ಷ ಆ ಸಾಲಿನಲ್ಲಿ ಹಣ್ಣೇ ಬರಲಿಲ್ಲ. ಸಿಲೋನ್ ಸಾಲು ಎಂಬ ಹೆಸರು ಅಂದಿನಿಂದ ಉಳಿಯಿತು.

ಪೇಚಿಯಮ್ಮ ಕಾಫಿ ಕಲಿತರು. ತಮ್ಮ ಕಡೆಯವರೇ ಆದ ವೇಲು ಅವರನ್ನು ಮದುವೆಯಾದರು, ಇಬ್ಬರು ಹೆಣ್ಣುಮಕ್ಕಳಾದರು. ಅಣ್ಣನ ಸಂಸಾರ ಬೆಳೆಯಿತು. ಸಿಲೋನಿನ ಇನ್ನೂ ನಾಲ್ಕು ಮನೆಯವರು ಬಂದು ಸೇರಿದರು. ಮೂವತ್ತೈದು ಮನೆಯ ಊರಿನ ಪಕ್ಕದಲ್ಲಿ ಲೈನ್ ಇನ್ನೊಂದು ಊರಿನ ಹಾಗಾಯಿತು. ಊರಿನ ಶಾಲೆಯಲ್ಲಿ ಮಕ್ಕಳು ಹೆಚ್ಚಾಗಿ ಎರಡನೇ ಮೇಷ್ಟ್ರಾಗಿ ಶ್ರೀನಾಥ್ ಬಂದರು. ಹಾನುಬಾಳಿನ ಕಡೆಯ ಬಸ್ಸು ಲೈನಿನ ಮುಂದೆ ನಿಲ್ಲತೊಡಗಿತು. ಸೂಜಿ ಹಾಕುವ ಸಿಸ್ಟರ್ ತಿಂಗಳಿಗೊಮ್ಮೆ ಬರತೊಡಗಿದರು. ಜೊತೆಗೆ ಸಿಸ್ಟರ್ ಮುಂದಿನ ಸಾಲು ಉದ್ದವಾಯಿತು, ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಬೇಗ ಖಾಲಿಯಾಯಿತು. ಊರಿನವರು ಹೆಚ್ಚು ಕೂಲಿ ಕೇಳಿದರೆ "ಲೈನಿನವರು ಬರ್ತಾರೆ" ಎಂದು ತೋಟದವರು ಹೇಳುವ ಹಾಗಾಯಿತು. ಇದನ್ನು ಊರಿನವರು ಮರೆಯಲಿಲ್ಲ.

ಊರಿನ ಭದ್ರಮ್ಮ ರೇಷನ್ ಅಂಗಡಿ ಮುಂದೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. "ಹಡಗು ತುಂಬ ಬಂದು ನಮ್ಮ ಸೀಮೆಎಣ್ಣೆನೆಲ್ಲ ಕುಡ್ದುಬುಟ್ರು ಕಣ್ರೀ."

"ಕುಡಿಯಾಕೆಲ್ಲಿ ಸಾಲ್ತದೆ ಭದ್ರಕ್ಕ, ದೀಪಕ್ಕೇ ಸಾಲ್ದು" ಎಂದು ಪೇಚಿಯಮ್ಮ ಉತ್ತರ ಕೊಡುತ್ತಿದ್ದರು.

1996ರ ಮಾರ್ಚಿನಲ್ಲಿ ಪೇಚಿಯಮ್ಮ ಸಕಲೇಶಪುರದ ಸಂತೆಗೆ ಹೋಗಿದ್ದರು. ಈರುಳ್ಳಿ ಆರಿಸುತ್ತಿದ್ದಾಗ ಅದೇ ರಾಶಿಯಲ್ಲಿ ಇನ್ನೊಬ್ಬ ಹೆಂಗಸಿನ ಕೈ ಕಂಡಿತು. ಹೆಬ್ಬೆರಳು, ತೋರುಬೆರಳುಗಳ ಒಳಮೈ ಕಪ್ಪಾಗಿತ್ತು, ಗೆರೆಗಳಲ್ಲಿ ಕಲೆ ಕೂತಿತ್ತು. ಉಜ್ಜಿದರೂ ಹೋಗದ ಟೀ ಎಲೆಯ ಕಲೆ. ಅಮ್ಮನ ಬೆರಳಿನಲ್ಲಿ ಇದ್ದದ್ದು ಅದೇ. ಪೇಚಿಯಮ್ಮ ಆ ಕೈ ಹಿಡಿದುಕೊಂಡು ತಮಿಳಿನಲ್ಲಿ "ಎಲ್ಲಿ?" ಎಂದು ಕೇಳಿದರು. ಘಟ್ಟದ ಅಂಚಿನಲ್ಲಿ ಒಂದು ಟೀ ತೋಟ ಇದೆ, ಎಲೆ ಚಿವುಟುವ ಕೈ ನೋಡಿ ಆಳು ತೆಗೆದುಕೊಳ್ಳುತ್ತಾರೆ, ಮನೆಯನ್ನೂ ಕೊಡುತ್ತಾರೆ ಎಂದು ಆ ಹೆಂಗಸು ಹೇಳಿದಳು. ಹತ್ತೊಂಬತ್ತು ವರ್ಷ ಒಂದೇ ತಾಲ್ಲೂಕಿನಲ್ಲಿ ಇದ್ದೂ ಪೇಚಿಯಮ್ಮನಿಗೆ ಅದು ಗೊತ್ತಿರಲಿಲ್ಲ. ಅಂದು ಅವರು ಈರುಳ್ಳಿ ತರಲಿಲ್ಲ.

ಅಮ್ಮನ ಹತ್ತಿರ ಹೋಗುವುದು ಆಗದ ಮಾತು. ಅಮ್ಮ ಕಲಿಸಿದ ಕೆಲಸದ ಹತ್ತಿರವಾದರೂ ಹೋಗಬಹುದಲ್ಲ ಎಂದು ಅವರಿಗೆ ಅನ್ನಿಸಿತು. ಕೈ ಮರೆತಿರಲಾರದು ಎಂದು ನಂಬಿದ್ದರು. ವೇಲು ಒಪ್ಪಿದರು. ಪೇಚಿಯನ್ನು ತೆಗೆದುಕೊಂಡರೆ ನಾವೂ ಬರುತ್ತೇವೆ ಎಂದು ಅಣ್ಣನೂ ಇನ್ನೆರಡು ಮನೆಯವರೂ ಹೇಳಿದರು.

ಸುದ್ದಿ ಊರಿಗೆ ಮುಟ್ಟಿತು. ಭದ್ರಮ್ಮ ಅಲ್ಲಿಯವರೆಗೆ ಲೈನಿಗೆ ಕಾಲಿಟ್ಟವರಲ್ಲ. ಅಂದು ಬಂದು ಪೇಚಿಯಮ್ಮನ ಜಗಲಿಯ ಮೇಲೆ ಕೂತರು.

"ಹೋಯ್ತೀಯಂತೆ?"

"ತಗಂಡ್ರೆ ಹೋಗದೇಯ ಭದ್ರಕ್ಕ."

"ನಾಕು ಮನೆ ಹೋಯ್ತದಂತೆ. ಹನ್ನೊಂದು ಮಕ್ಳು ಇಸ್ಕೂಲ್ ಬಿಟ್ರೆ ಶ್ರೀನಾಥ್ ಮೇಷ್ಟ್ರುನ ಬೇರೆ ಕಡೆ ಹಾಕ್ತಾರಂತೆ. ಇನ್ನೊಬ್ಬ ಮೇಷ್ಟ್ರು ಮಧ್ಯಾಹ್ನ ಆದ್ಮೇಲೆ ಕುರ್ಚೀಲಿ ನಿದ್ದೆ ಮಾಡ್ತಾನೆ. ನನ್ ಮೊಮ್ಮಗಳು ಏನು ಕಲಿತಾಳೆ, ಗೊರಕೆನಾ? ಬಸ್ಸೂ ನಿಲ್ಸಲ್ಲ."

"ಹತ್ತು ವರ್ಷದಿಂದ ಹೋಗ್ರೆ ಹೋಗ್ರೆ ಅಂತಿದ್ಯಲ್ಲಕ್ಕ."

"ಅಂತಿದ್ದೆ. ಅಂದಿದ್ನೆಲ್ಲ ಕೇಳ್ತಾರೇನೇ ಯಾರಾದ್ರೂ?"

ಪೇಚಿಯಮ್ಮ ನಕ್ಕು ಕಾಫಿ ಕೊಟ್ಟರು. ಭದ್ರಮ್ಮ ಕುಡಿದರು. ಲೈನಿನ ಲೋಟದಲ್ಲಿ ಅವರು ಕುಡಿದದ್ದು ಅದೇ ಮೊದಲು ಎಂದು ಪೇಚಿಯಮ್ಮ ನೆನಪಿಟ್ಟುಕೊಂಡಿದ್ದಾರೆ.

ಏಪ್ರಿಲ್‌ನಲ್ಲಿ ಒಂದು ಸೋಮವಾರ ಪೇಚಿಯಮ್ಮ ಮೊದಲ ಬಸ್ಸಿಗೆ ಹೊರಟರು. ಬಸ್ಸು ಇಳಿದು ಜೀಪು ಹಿಡಿದರು. ಒಂದು ತಿರುವು ದಾಟಿದ ಮೇಲೆ ಬೆಟ್ಟವೆಲ್ಲ ಹಸಿರು ಕಂಬಳಿ ಹೊದ್ದ ಹಾಗೆ ಕಂಡಿತು. ಜೀಪಿನವನಿಗೆ ನಿಲ್ಲಿಸಲು ಹೇಳಿ, ಅಲ್ಲಿಂದ ನಡೆದೇ ಹೋದರು. ಫ್ಯಾಕ್ಟರಿಯಿಂದ ಎಲೆ ಬಾಡುವ ವಾಸನೆ ಬರುತ್ತಿತ್ತು. ಅಮ್ಮನ ಸೀರೆಯ ವಾಸನೆ ಅದು ಎಂದು ಅವರಿಗೆ ಆಗ ಗೊತ್ತಾಯಿತು. ಅದುವರೆಗೆ ಸೀರೆಯದೇ ವಾಸನೆ ಎಂದುಕೊಂಡಿದ್ದರಂತೆ.

ಅಲ್ಲಿನ ಮೇಸ್ತ್ರಿ ವಯಸ್ಸಾದವರು, ತಮಿಳಿನವರು. ಬುಟ್ಟಿ ಕೊಟ್ಟು, ಮೇಲೆ ಚಪ್ಪಟೆಯಾಗಿ ಸೊಂಟದ ಎತ್ತರಕ್ಕೆ ನಿಂತ ಟೀ ಗಿಡಗಳ ಒಂದು ಸಾಲು ತೋರಿಸಿದರು. ಪೇಚಿಯಮ್ಮ ಹಗ್ಗವನ್ನು ಹಣೆಗೆ ಕೊಟ್ಟರು, ಬೆಟ್ಟದ ಕಡೆ ನೋಡಿದರು, ಕೈ ಚಾಚಿದರು.

ಕೈ ಹೋಗಲಿಲ್ಲ. ನೋಡದೆ ಚಿವುಟಲು ಆಗಲಿಲ್ಲ. ಕೆಂಪು ಹಣ್ಣನ್ನು ಕಾಯಿಯಿಂದ ಬೇರೆ ಮಾಡಿ ಮಾಡಿ ಕಣ್ಣು ಪ್ರತಿಯೊಂದನ್ನೂ ನೋಡಲು ಕಲಿತುಬಿಟ್ಟಿತ್ತು. ಎಡಗೈ ತಾನಾಗಿ ಕೊಂಬೆಯನ್ನು ಬಗ್ಗಿಸಿ ಹಿಡಿಯಿತು, ಬಲಗೈ ಒಂದೊಂದಾಗಿ ಆರಿಸಿತು. ಅವಸರ ಮಾಡಿದರು. ಪಕ್ಕದ ಸಾಲಿನ ಹೆಂಗಸರು ಮುಂದೆ ಹೋಗಿಬಿಟ್ಟಿದ್ದರು. ಮೇಸ್ತ್ರಿ ಹತ್ತಿರ ಬಂದು ಅವರ ಕಾಲಿನ ಕಡೆ ತೋರಿಸಿದರು. ನೆಲದ ಮೇಲೆ ಎಲೆ ಬಿದ್ದಿತ್ತು. ಕಾಫಿ ಕೊಯ್ಯುವಾಗ ಸೊಂಟಕ್ಕೆ ಚೀಲ ಕಟ್ಟುವುದು. ಮುಷ್ಟಿ ತುಂಬಿದಾಗಲೆಲ್ಲ ಅವರ ಕೈ ಇಲ್ಲದ ಆ ಚೀಲಕ್ಕೆ ಹೋಗುತ್ತಿತ್ತು. ಬೆನ್ನಿನ ಬುಟ್ಟಿ ಖಾಲಿಯೇ ಇತ್ತು.

"ಇದು ಕಾಫಿ ಕೈ ತಾಯಿ" ಎಂದರು ಮೇಸ್ತ್ರಿ. "ವಯಸ್ಸು ಚಿಕ್ಕದಾಗಿದ್ರೆ ತಿದ್ದಬಹುದಿತ್ತು." ಊಟ ಮಾಡಿ ಹೋಗಿ ಎಂದೂ ಹೇಳಿದರು. ಪೇಚಿಯಮ್ಮ ಊಟಕ್ಕೆ ನಿಲ್ಲಲಿಲ್ಲ. ಬಿದ್ದ ಎಲೆಯನ್ನು ಆರಿಸಿ ಬುಟ್ಟಿಗೆ ಹಾಕಿದರು. ಒಂದು ಹಿಡಿ ಮಾತ್ರ ಕೇಳಿ ತೆಗೆದುಕೊಂಡರು.

ಸಂಜೆ ಬಸ್ಸು ಲೈನಿನ ಮುಂದೆ ನಿಂತಾಗ ಭದ್ರಮ್ಮ ಅಲ್ಲೇ ಇದ್ದರು.

"ಏನಂದ್ರೇ?"

"ಆಗಲ್ಲ ಅಂದ್ರು."

ಭದ್ರಮ್ಮನಿಗೆ ಸಂತೋಷವಾಗಿರಬೇಕು. ಆದರೆ ಅವರು ಅದನ್ನು ತೋರಿಸಲಿಲ್ಲ. "ಕಣ್ಣಿಲ್ಲ ಅವ್ರಿಗೆ" ಎಂದಷ್ಟೇ ಹೇಳಿದರು. ಪೇಚಿಯಮ್ಮ ಮುಷ್ಟಿ ಬಿಚ್ಚಿದರು. ದಾರಿಯುದ್ದಕ್ಕೂ ಹಿಡಿದು ಎಲೆ ನಜ್ಜುಗುಜ್ಜಾಗಿ ಕಂದಿತ್ತು. ಭದ್ರಮ್ಮ ಮೂಸಿ ನೋಡಿದರು.

"ಹುಲ್ಲು ವಾಸನೆ ಐತಲ್ಲೇ."

"ಹೂಂ ಅಕ್ಕ" ಎಂದರು ಪೇಚಿಯಮ್ಮ.

ಮೇ ತಿಂಗಳಿನಲ್ಲಿ, ಮಳೆಗೆ ಮುಂಚಿನ ಸುತ್ತಿನ ಚಿಗುರು ತೆಗೆಯುವ ಕೆಲಸ ಬಂತು. ಸಿಲೋನ್ ಸಾಲನ್ನು ನನಗೇ ಕೊಡಿ ಎಂದು ಪೇಚಿಯಮ್ಮ ಗುಂಡಯ್ಯನವರನ್ನು ಕೇಳಿದರು. ಸಂಜೆ ಗುಂಡಯ್ಯನವರು ನೋಡಲು ಹೋದರು. ಪ್ರತಿ ಗಿಡದ ಕೆಲಸವೂ ಅಚ್ಚುಕಟ್ಟಾಗಿತ್ತು, ಒಂದು ರೆಕ್ಕೆಯ ತುದಿಯೂ ಮುರಿದಿರಲಿಲ್ಲ. ಸಾಲಿನ ಕೊನೆಯ ಗಿಡ ಮಾತ್ರ ಬೇರೆ ಥರ ಇತ್ತು. ಅದರ ಎಲ್ಲ ರೆಕ್ಕೆಗಳ ತುದಿಯನ್ನೂ ಚಿವುಟಲಾಗಿತ್ತು, ಎರಡೆಲೆ ಒಂದು ಕುಡಿ. ಚಿವುಟಿದ ಎಲೆ ಹಿಂದಿನ ದಾರಿಯ ಮೇಲೆ ಬಿದ್ದಿತ್ತು. ಗುಂಡಯ್ಯನವರು ಅದನ್ನು ಕಾಲಿನಿಂದ ಗಿಡದ ಬುಡಕ್ಕೆ ಸರಿಸಿ ಬಂದರು. ಯಾರಿಗೂ ಹೇಳಲಿಲ್ಲ. ಮರುವರ್ಷ ಆ ಸಾಲನ್ನು ಪೇಚಿಯಮ್ಮ ಕೇಳುವ ಮೊದಲೇ ಕೊಟ್ಟರು. ಆಮೇಲಿನ ವರ್ಷಗಳಲ್ಲೂ ಹಾಗೇ.

ಹೋದ ವರ್ಷ ಸುಬ್ಬಯ್ಯನವರು ತೋಟ ಸುತ್ತುವಾಗ ಆ ಗಿಡದ ಮುಂದೆ ನಿಂತರು.

"ಇದೊಂದು ಯಾಕೋ ಹಣ್ಣೇ ಬಿಡಲ್ಲವಲ್ಲ ಗುಂಡಯ್ಯ. ಕಿತ್ತು ಬೇರೆ ಹಾಕ್ಸು."

"ಇರ್ಲಿ ಬುಡಿ ಅಯ್ಯಾ. ನೆರಳಿಗಾಯ್ತದೆ."

"ಕಾಫಿ ಗಿಡ ನೆರಳಿಗಾ ಮಾರಾಯ?"

ಸುಬ್ಬಯ್ಯನವರು ಗಿಡವನ್ನು ಸ್ವಲ್ಪ ಹೊತ್ತು ನೋಡಿ ಮುಂದೆ ಹೋದರು. ಆ ಗಿಡ ಇನ್ನೂ ಅಲ್ಲೇ ಇದೆ. ವರ್ಷ ವರ್ಷ ತುದಿ ಕಳೆದುಕೊಂಡು ಮೇಲೆ ಚಪ್ಪಟೆಯಾಗಿ, ದಟ್ಟವಾಗಿ, ಪೇಚಿಯಮ್ಮನ ಸೊಂಟದ ಎತ್ತರಕ್ಕೆ ನಿಂತಿದೆ.