ಮ್ಯೂಸಿಯಂ ತೊಟ್ಲಿಗೆ ಹಾಕಿದ ಕಲ್ಲು

ಇದು ಯಾರೋ ಹೇಳಿದ್ದಲ್ಲ, ನಂಗೇ ಆಗಿದ್ದು. ಹೆಂಡ್ತಿ ಮುಂದೆ ಈ ಮಾತೆತ್ತಿದ್ರೆ ಇವತ್ತಿಗೂ ಎದ್ದು ಒಳಗೋಗ್ತಾಳೆ.

ತೊಂಬತ್ತೈದನೇ ಇಸವಿ ಆಚೀಚೆ. ತಿಪಟೂರಲ್ಲಿ ಹಳೇ ಕೊಬ್ರಿ ಮಂಡೀಲಿ ಒಂದು ಸಣ್ಣ ಮ್ಯೂಸಿಯಂ ಮಾಡಿದ್ರು. ಸುತ್ತಲ ಹಳ್ಳಿಗಳಿಂದ ವೀರಗಲ್ಲು, ಕೊಳಗ, ಹಳೇ ಬಾಗ್ಲು ಎಲ್ಲಾ ತಂದು ಜೋಡಿಸಿದ್ರು. ರಾತ್ರಿ ಕಾವಲು ನಂದು. ಮನೇಲಿ ಹೆಂಡ್ತಿ ತುಂಬಿದ ಬಸುರಿ. ಅದಕ್ಕೆ ಮುಂಚೆ ಎರಡು ಕೂಸು ಹುಟ್ಟಿ ಹೋಗಿದ್ವು. ಇದಾದ್ರೂ ಉಳೀಲಿ ಅಂತ ನಾವು ಕೈಮುಗೀದ ದೇವ್ರಿಲ್ಲ.

ಆವತ್ತು ಕರೆಂಟ್ ಇರ್ಲಿಲ್ಲ. ಜಗಲಿ ಮೇಲೆ ಕೂತಿದ್ದೆ... ಒಳಗಿಂದ ಕಿರ್ರ್... ಕಿರ್ರ್...

ಒಳಗೋಗಿ ಟಾರ್ಚ್ ಬಿಟ್ಟೆ. ನೊಣವಿನಕೆರೆ ಕಡೆಯಿಂದ ಬಂದಿದ್ದ ಮರದ ತೊಟ್ಲು ತನ್ನಷ್ಟಕ್ಕೆ ತೂಗ್ತಿತ್ತು. ಕಿಟಕಿ ಹಾಕಿತ್ತು. ಗಾಳಿ ಇಲ್ಲ, ಬೆಕ್ಕಿಲ್ಲ...

ಖಾಲಿ ತೊಟ್ಲು ತೂಗಿದ್ರೆ ಕೂಸಿಗೆ ಕೇಡು ಅಂತಾರೆ ನಮ್ಮ ಕಡೆ. ತೊಟ್ಲು ಶಾಸ್ತ್ರದಲ್ಲಿ ಕೂಸಿಗಿಂತ ಮೊದ್ಲು ಗುಂಡುಕಲ್ಲು ಮಲಗಿಸ್ತೀವಲ್ಲ, ಅದು ನೆನಪಾಯ್ತು. ಮೂಲೇಲಿ ಹೊಸದಾಗಿ ತಂದಾಕಿದ್ದ ಸಾಮಾನಲ್ಲಿ ಒಂದು ನುಣ್ಣನೆ ಕಲ್ಲು ಕೈಗೆ ಸಿಕ್ತು. ಟವಲ್ ಸುತ್ತಿ ಮಲಗಿಸ್ದೆ.

ತಕ್ಷಣ ತೊಟ್ಲು ನಿಂತೋಯ್ತು.

ಆದ್ರೆ ಹಸಿಮಣ್ಣಿನ ವಾಸನೆ... ಆಗ ತಾನೇ ಅಗೆದಂಗೆ. ಆಮೇಲೆ ಕತ್ತಲಲ್ಲಿ ಯಾರೋ ಹೆಂಗ್ಸು ಉಸಿರು ಬಿಟ್ಟಂಗಾಯ್ತು. ಹುಡುಕ್ತಿದ್ದದ್ದು ಸಿಕ್ಕಾಗ ಬಿಡ್ತಾರಲ್ಲ, ಹಂಗೆ. ಬೆಳಕು ಹರಿಯೋವರೆಗೂ ರಸ್ತೇಲೇ ನಿಂತಿದ್ದೆ.

ಬೆಳಗ್ಗೆ ಸಿದ್ದಜ್ಜ ಬಂದ. ಹಳ್ಳಿಗಳಿಂದ ಸಾಮಾನು ಗಾಡೀಲಿ ಹೇರ್ಕೊಂಡು ಬರ್ತಿದ್ದೋನು ಅವನೇ.

"ಏನ್ಲಾ, ಹೆರೋಕ್ ಮುಂಚೇನೇ ತೊಟ್ಲು ಶಾಸ್ತ್ರ ಮುಗಿಸ್ಬುಟ್ಟಾ?" ಅಂತ ನಗ್ತಾ ಟವಲ್ ಸರಿಸ್ದ. ನಗು ಅಲ್ಲೇ ನಿಂತೋಯ್ತು.

"ಗುಂಡುಕಲ್ಲು ಅಂತ ಹಾಕ್ದೆ ಕಣಜ್ಜ."

"ಗುಂಡುಕಲ್ಲಲ್ಲ ಕಣ್ಲಾ ಇದು..." ಕಲ್ಲು ಮಗುಚಿ ತೋರಿಸ್ದ. ಪುಟ್ಟ ಪಾದ ಕೆತ್ತಿತ್ತು. "ಹುಳಿಯಾರ್ ಹತ್ರ ಹೊಲದಾಗೆ, ಹಸುಗೂಸು ಹೂತ ಗುಂಡಿ ಮೇಲಿತ್ತು. ತಾಯೀನೂ ಆ ಬಾಣಂತನದಾಗೇ ಹೋದ್ಳಂತೆ. ಬ್ಯಾಡ ಸ್ವಾಮಿ ಅಂದೆ. ಕೆತ್ತನೆ ಚೆನ್ನಾಗೈತೆ ಅಂತ ಮ್ಯೂಸಿಯಂ ಸಾಹೇಬ್ರು ಹೊರಿಸ್ಕೊಂಡ್ ಬಂದ್ರು."

"ಈಗೇನಜ್ಜ ಮಾಡ್ಲಿ?"

"ಮಲಗಿಸ್ದೋನು ನೀನು. ನೀನೇ ಎತ್ಕೊಂಡೋಗಿ ಅಲ್ಲೇ ಇಡ್ಬೇಕು. ನಡಿ, ಜಾಗ ತೋರಿಸ್ತೀನಿ."

ಇಬ್ರೂ ಹುಳಿಯಾರ್ ಬಸ್ ಹತ್ತಿದ್ವಿ. ಕಲ್ಲು ನನ್ನ ತೊಡೆ ಮೇಲೆ. ದಾರಿ ಪೂರ್ತಿ ಬೆಚ್ಚಗೇ ಇತ್ತು... ಇದ್ದ ಜಾಗದಲ್ಲೇ ಇಟ್ಟು, ತಿರುಗಿ ನೋಡದೆ ಬಂದ್ವಿ.

ಸಂಜೆ ಮನೆಗೆ ಬಂದ್ರೆ ಹೆರಿಗೆ ಆಗೋಗಿತ್ತು. ಹೆಣ್ಣು ಕೂಸು. ಉಸಿರಾಡ್ತಿತ್ತು. ಹೊಸಲಲ್ಲೇ ಕೂತು ಅತ್ಬುಟ್ಟೆ.

"ನಿಮ್ಮ ಕಡೆಯೋರಂತೆ, ಒಬ್ಬ ಅಕ್ಕ ಬಂದಿದ್ರು, ಈಗ ತಾನೇ ಹೋದ್ರು," ಅಂದ್ಳು ಹೆಂಡ್ತಿ. "ಸೂಲಗಿತ್ತಿ ನೀರಿಗೆ ಹೋಗಿದ್ಳು. ನಂಗಿನ್ನೂ ಹಾಲು ಇಳಿದಿರ್ಲಿಲ್ಲ. ಅವ್ರೇ ಕೂಸು ಎತ್ಕೊಂಡು ಎದೆಗೆ ಹಾಕ್ಕೊಂಡ್ರು. ನಿಮ್ಮನ್ನ ಹುಳಿಯಾರಲ್ಲಿ ನೋಡಿದ್ರಂತೆ..."

ನಾನು ಹುಳಿಯಾರಿಗೆ ಹೋಗಿದ್ದು ಅವಳಿಗೆ ಗೊತ್ತಿರ್ಲಿಲ್ಲ. ಅಲ್ಲಿ ನಮಗೆ ನೆಂಟ್ರೂ ಇಲ್ಲ.

"ಇನ್ನೇನಂದ್ರು?"

"ಇವಳು ನಂಗೂ ಮಗಳೇ ಕಣವ್ವ, ಹೆರಿಗೆಗೆ ಬತ್ತೀನಿ ಅಂದ್ರು. ಹೆರಿಗೆ ಆಯ್ತಲ್ಲಕ್ಕ ಅಂದೆ. ಇವಳ ಹೆರಿಗೆಗೆ ಅಂದ್ರು."

ಮಗಳು ಉಳಿದ್ಲು. ಚೆನ್ನಾಗೇ ಬೆಳೆದ್ಲು, ಮದುವೆ ಮಾಡಿದ್ವಿ. ಈಗ ಹೆರಿಗೆಗೆ ಅಂತ ಮನೆಗೆ ಬಂದವ್ಳೆ. ಅವಳಿಗೆ ನಾವಿದನ್ನ ಹೇಳಿಲ್ಲ. ರಾತ್ರಿ ಅವಳು ಮಲಗ್ತಾಳೆ... ನಾವಿಬ್ರೂ ಮಲಗ್ತಿಲ್ಲ.